ಫ್ರಾಂಕ್‌ಫರ್ಟ್–ಹೆಲ್ಸಿಂಕಿ: ನಲವತ್ತು ಕಿಲೋಮೀಟರ್, ನೂರೈವತ್ತು ಯೂರೊ

ಫ್ರಾಂಕ್‌ಫರ್ಟ್‌ನಿಂದ ಹೆಲ್ಸಿಂಕಿ 1,500 ಕಿಲೋಮೀಟರ್ ದಾಟುತ್ತದೆ ಎಂದಾಗ ಇಲ್ಲಿನ ನಮ್ಮ ಕನ್ನಡ ಬಳಗದಲ್ಲಿ ಒಬ್ಬರೂ ನಂಬಲಿಲ್ಲ. ನನ್ನ ವಿಮಾನ ತಡವಾದದ್ದಕ್ಕೆ 250ರ ಬದಲು 400 ಯೂರೊ ಪರಿಹಾರ ಖಾತೆಗೆ ಬಿದ್ದ ಮೇಲೆ ಎಲ್ಲರಿಗೂ ನನ್ನ ಲೆಕ್ಕದ ಹಾಳೆ ಬೇಕಾಗಿದೆ!

ವಿಮಾನ ಮೂರು ಗಂಟೆ ತಡವಾದರೆ ಯುರೋಪಿಯನ್ ಒಕ್ಕೂಟದ ವಿಮಾನ ಪ್ರಯಾಣಿಕರ ಹಕ್ಕುಗಳ 261/2004 ನಿಯಮದಡಿ ಸಿಗುವ ಪರಿಹಾರ ಇಷ್ಟು: 1,500 ಕಿ.ಮೀ. ವರೆಗೆ 250 ಯೂರೊ, ಯುರೋಪಿನೊಳಗೆ ಅದಕ್ಕಿಂತ ದೂರವಾದರೆ 400. ವಿಮಾನ ಕಂಪನಿ 250ಕ್ಕೆ ಕೈತೊಳೆದುಕೊಳ್ಳಲು ನೋಡಿತು. ಪರಿಹಾರ ವಸೂಲಿ ಮಾಡಿಕೊಡುವ ಏಜೆನ್ಸಿಯೊಂದು ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕೇಳಿತು. ಎರಡಕ್ಕೂ ನಾನು ಒಪ್ಪಲಿಲ್ಲ.

ಮೊದಲು ಗೋಡೆಯ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡಿದೆ. ಸುಮಾರು 2,700 ಬಂತು! ಗುಂಡಗಿನ ಭೂಮಿಯನ್ನು ಚಪ್ಪಟೆಯಾಗಿ ಹರಡುವ ಮರ್ಕೇಟರ್ ನಕ್ಷೆ 60 ಡಿಗ್ರಿ ಅಕ್ಷಾಂಶದ ಹತ್ತಿರ ಎಲ್ಲವನ್ನೂ ದುಪ್ಪಟ್ಟು ಹಿಗ್ಗಿಸುತ್ತದೆ, ಅದು ಸಾಕ್ಷಿಯಾಗದು. ಬಳಿಕ ವಿಮಾನದ ಜಾಡು ತೋರಿಸುವ ಆ್ಯಪ್‌ನ ಅಂಕಿ ಕಳುಹಿಸಿದೆ, 1,600ರ ಆಚೆಗಿತ್ತು. ಕಂಪನಿಯವರು ಅದನ್ನೂ ತಳ್ಳಿಹಾಕಿದರು. ನಿಯಮ ಎಣಿಸುವುದು ಮಹಾವೃತ್ತದ ದೂರವನ್ನು, ಅಂದರೆ ಭೂಮಿಯ ಮೇಲ್ಮೈಯಲ್ಲಿ ಎರಡು ಜಾಗಗಳ ನಡುವಿನ ಅತಿ ಹತ್ತಿರದ ದಾರಿಯನ್ನು. ವಿಮಾನ ಎಲ್ಲೆಲ್ಲಿ ಸುತ್ತಿ ಬಂತು ಎಂಬುದು ಲೆಕ್ಕಕ್ಕಿಲ್ಲ. ಬ್ರಸೆಲ್ಸ್‌ನಲ್ಲಿ ವಿಮಾನ ಬದಲಿಸಿ ರೋಮ್‌ನಿಂದ ಹ್ಯಾಂಬರ್ಗ್‌ಗೆ ಹೋದವರ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ 2017ರಲ್ಲಿ ಇದನ್ನೇ ಹೇಳಿತು. ಹಾರಿದ್ದು 1,656, ಪರಿಗಣಿಸಿದ್ದು 1,326. ಪಾಪ, 250ಕ್ಕೇ ನಿಂತಿತು.

ಕೊನೆಗೆ ಕೈಹಿಡಿದದ್ದು ಅಕ್ಷಾಂಶ, ರೇಖಾಂಶಗಳಿಂದ ಈ ದೂರ ಲೆಕ್ಕ ಹಾಕುವ ಹಳೆಯ ಹಾವರ್‌ಸೈನ್ ಸೂತ್ರ. ಅಕ್ಷಾಂಶ, ರೇಖಾಂಶ ವಿಮಾನ ನಿಲ್ದಾಣದ್ದೇ ಇರಲಿ, ಊರಿನ ಮಧ್ಯದ್ದು ಬೇಡ. 1,500ರ ಗಡಿಯಂಚಿನಲ್ಲಿರುವ ಊರುಗಳ ಜೋಡಿಗಳಲ್ಲಿ ಇದೇ ನಿರ್ಣಾಯಕ. ಭೂಮಿಯ ತ್ರಿಜ್ಯ 6,371 ಕಿ.ಮೀ. ಹಾಕಿದರೆ 1,540ರ ಆಸುಪಾಸು ಬರುತ್ತದೆ. ಗಡಿಗಿಂತ ನಲವತ್ತು ಹೆಚ್ಚು, ಅಂದರೆ ನೂರೈವತ್ತು ಯೂರೊ ಹೆಚ್ಚು.

‘ವಾಪಸು ಬರಲು ಒಂದೂವರೆ ಗಂಟೆ ಸಾಕು, ಅಷ್ಟು ದೂರ ಎಲ್ಲಿಂದ ಬಂತು?’ ಎಂದು ಗೆಳೆಯರೊಬ್ಬರು ಟಿಕೆಟ್ ತೋರಿಸಿ ವಾದಿಸಿದರು. ಹೆಲ್ಸಿಂಕಿಯ ಗಡಿಯಾರ ಒಂದು ಗಂಟೆ ಮುಂದಿರುವುದು ಅವರಿಗೆ ಹೊಳೆದಿರಲಿಲ್ಲ. ಆ ವಾದದಿಂದಲೇ ನನಗೆ ಹಾರಾಟದ ಸಮಯ ಅಂದಾಜಿಸುವ ಹುಚ್ಚು ಹತ್ತಿತು. ದೂರವನ್ನು 800ರಿಂದ ಭಾಗಿಸಿ ಅರ್ಧ ಗಂಟೆ ಕೂಡಿಸಿದರೆ ಹೆಲ್ಸಿಂಕಿಗೆ ಎರಡು ಗಂಟೆ ಇಪ್ಪತ್ತೈದು ನಿಮಿಷ, ವೇಳಾಪಟ್ಟಿಗೆ ತಾಳೆಯಾಯಿತು. ಸುಮಾರು 1,870 ಕಿ.ಮೀ. ದೂರದ ಲಿಸ್ಬನ್‌ಗೆ ಹೋಗುವಾಗ ಮಾತ್ರ ಸೋತಿತು. ಪಶ್ಚಿಮದ ಎದುರುಗಾಳಿ ಮೂರು ಗಂಟೆ ದಾಟಿಸುತ್ತದೆ.

ಇನ್ನು, ತಲುಪಿದ ಸಮಯ ಎಂದರೆ ಚಕ್ರ ನೆಲ ಮುಟ್ಟಿದ್ದಲ್ಲ, ಬಾಗಿಲು ತೆರೆದದ್ದು. ಇದು 2014ರ ತೀರ್ಪು. ನನ್ನ ವಿಮಾನ ಇಳಿದಾಗ ಮೂರು ಗಂಟೆಗೆ ಒಂದೆರಡು ನಿಮಿಷ ಬಾಕಿಯಿತ್ತು, ಬಾಗಿಲು ತೆರೆಯುವಾಗ ದಾಟಿತ್ತು. ಅದಕ್ಕೆ ಪುರಾವೆ ಹೇಗೆ ಹೊಂದಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಕಾಫಿಗೆ ಕರೆದರೆ ಹೇಳುತ್ತೇನೆ.

ರಜೆಗೆ ಬೆಂಗಳೂರಿಗೆ ಹೊರಟವರು ಅಳೆಯುವ ಗೋಜಿಗೆ ಹೋಗಬೇಡಿ: ಸುಮಾರು 7,400 ಕಿ.ಮೀ., ಪರಿಹಾರ ನೇರ 600 ಯೂರೊ. ತಡ ಮೂರರಿಂದ ನಾಲ್ಕು ಗಂಟೆಯೊಳಗಿದ್ದರೆ ಅರ್ಧಕ್ಕೆ ಇಳಿಸಬಹುದು. ಬೆಂಗಳೂರಿನಿಂದ ಮರಳುವಾಗ ಯುರೋಪಿನ ಕಂಪನಿಯ ವಿಮಾನವಾದರೆ ಮಾತ್ರ ಈ ನಿಯಮ ಅನ್ವಯಿಸುತ್ತದೆ.