ಹಳೆಯ ಕಾರು ಏರು ಹತ್ತದಿದ್ದಾಗ: ಎಂಜಿನ್ ಶಕ್ತಿ ಕುಂದಿದ ಕಾರಣ ಹುಡುಕುವ ಕ್ರಮ

ಗ್ಯಾರೇಜಿಗೆ ಬರುವ ಹಳೆಯ ಕಾರಿನ ಮಾಲೀಕರು ತಮ್ಮ ದೂರನ್ನು ಸಾಮಾನ್ಯವಾಗಿ ಎರಡೇ ಮಾತಿನಲ್ಲಿ ಮುಗಿಸುತ್ತಾರೆ: "ಪಿಕಪ್ ಇಲ್ಲ", ಇಲ್ಲವೇ "ಗಾಡಿ ಎಳೀತಿಲ್ಲ". ಆ ಮಾತಿನ ಹಿಂದೆ ಕಸ ಕಟ್ಟಿದ ಫಿಲ್ಟರಿನಿಂದ ಹಿಡಿದು ಎಂಜಿನ್ ಇಳಿಸುವ ಕೆಲಸದವರೆಗೆ ಯಾವ ಕಾರಣವೂ ಇರಬಹುದು. ಹಾಗಿದ್ದರೂ ನಮ್ಮಲ್ಲಿ ಹೆಚ್ಚಿನ ಮೆಕ್ಯಾನಿಕ್ಕುಗಳ ಕೈ ಮೊದಲು ಹೋಗುವುದು ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿನ ಕಡೆಗೆ. ಅದನ್ನು ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ತೂತುಗಳಾದ ಜೆಟ್ಟುಗಳಿಗೆ ಗಾಳಿ ಹೊಡೆದು, ಹೊಸ ಕಿಟ್ ಹಾಕಿ ಕೊಟ್ಟ ಮೇಲೂ ಗಾಡಿ ಹಾಗೆಯೇ ಇದ್ದರೆ ಆಗ ಬೇರೆ ಕಾರಣ ಹುಡುಕುವುದು ರೂಢಿ. ನನ್ನ ಮಟ್ಟಿಗೆ ಈ ಕ್ರಮ ತಲೆಕೆಳಗಾದದ್ದು. ಕಾರ್ಬೊರೇಟರಿನ ಸರದಿ ಬಹಳ ತಡವಾಗಿ ಬರಬೇಕು.

ಈ ಬರಹದಲ್ಲಿ ಕಣ್ಣಮುಂದೆ ಇಟ್ಟುಕೊಂಡಿರುವುದು ಕಾರ್ಬೊರೇಟರ್ ಇರುವ ಹಳೆಯ ಮಾರುತಿ 800. ಅದರ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಹೊಸದಾಗಿದ್ದಾಗಲೇ 40ಕ್ಕಿಂತ ಕಡಿಮೆ ಅಶ್ವಶಕ್ತಿ ಕೊಡುತ್ತಿತ್ತಾದ್ದರಿಂದ ಸಣ್ಣ ಕೊರತೆಯೂ ಘಾಟಿಯ ಮೊದಲ ತಿರುವಿನಲ್ಲೇ ಗೊತ್ತಾಗಿಬಿಡುತ್ತದೆ. ಓಮ್ನಿ, ಪದ್ಮಿನಿ, ಅಂಬಾಸಿಡರ್‌ಗಳಿಗೂ ಇದೇ ವಿಚಾರಕ್ರಮ ಹೊಂದುತ್ತದೆ. ಅಳತೆಗಳನ್ನು ಮಾತ್ರ ಆಯಾ ಕಾರಿನ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು.

ಸಲಕರಣೆ ಕೈಗೆತ್ತಿಕೊಳ್ಳುವ ಮೊದಲು, ಶಕ್ತಿ ನಿಜವಾಗಿಯೂ ಕುಂದಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿರುವುದರಿಂದ, ಮಂಗಳೂರಿನಲ್ಲಿ ಲವಲವಿಕೆಯಿಂದ ಓಡುವ ಕಾರು ಇಲ್ಲಿ ಹತ್ತಿರ ಹತ್ತಿರ ಹತ್ತನೆಯ ಒಂದು ಪಾಲು ಸೊರಗುತ್ತದೆ. ಊಟಿಗೆ ಹೋದರೆ ಐದನೆಯ ಒಂದು ಪಾಲು. ಶೇ. 20 ಎಥನಾಲ್ ಬೆರೆತ ಪೆಟ್ರೋಲಿನ ಶಾಖಶಕ್ತಿಯೂ ಶುದ್ಧ ಪೆಟ್ರೋಲಿಗಿಂತ ಲೀಟರಿಗೆ ಶೇ. 6–7ರಷ್ಟು ಕಡಿಮೆ. ಇವೆರಡೂ ರೋಗಗಳಲ್ಲ. ಆದ್ದರಿಂದ ಮನೆಯ ಹತ್ತಿರದ, ವಾಹನಸಂಚಾರ ಕಡಿಮೆಯಿರುವ ಒಂದು ಏರನ್ನು ಗೊತ್ತುಮಾಡಿಕೊಂಡು, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಒಬ್ಬರೇ ಕುಳಿತು, ಮೂರನೆಯ ಗೇರಿನಲ್ಲಿ 30ರಿಂದ 50 ಕಿ.ಮೀ. ವೇಗಕ್ಕೆ ಏರಲು ಎಷ್ಟು ಸೆಕೆಂಡು ಬೇಕಾಯಿತೆಂದು ಬರೆದಿಟ್ಟುಕೊಳ್ಳಿ. ಮುಂದೆ ಮಾಡುವ ಪ್ರತಿಯೊಂದು ಬದಲಾವಣೆಯನ್ನೂ ಇದೇ ಏರಿನಲ್ಲಿ, ಇದೇ ಗೇರಿನಲ್ಲಿ ಅಳೆಯಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡದಿದ್ದರೆ ಈ ಅಂಕಿಗೆ ಅರ್ಥವಿಲ್ಲ.

ಆ ಓಡಾಟ ಮುಗಿದೊಡನೆ ಇಳಿದು ನಾಲ್ಕೂ ಚಕ್ರಗಳ ನಡುಭಾಗದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಹಳ ಕಾವು ಬೀರುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಎಂಜಿನ್ ಮಾಡಿದ ಕೆಲಸವನ್ನು ಆ ಬ್ರೇಕ್ ತಿನ್ನುತ್ತಿದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಕಾರಿನಲ್ಲಿ ಹ್ಯಾಂಡ್ ಬ್ರೇಕಿನ ಕೇಬಲ್ ತುಕ್ಕು ಹಿಡಿದು ಹಿಂದಕ್ಕೆ ಬಾರದೆ ಹೀಗಾಗುವುದು ಬಹಳ ಸಾಮಾನ್ಯ. ಇನ್ನೊಂದು, ಏರಿನಲ್ಲಿ ಎಕ್ಸಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಮೇಲೇರುತ್ತಿದ್ದು ಗಾಡಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸದ್ದೂ ಏರುವುದಿಲ್ಲ, ವೇಗವೂ ಏರುವುದಿಲ್ಲ ಎಂದಾದರೆ ಮಾತ್ರ ಬಾನೆಟ್ ತೆರೆಯಿರಿ.

ತೆರೆದ ಮೇಲೂ ಮೊದಲು ನೋಡಬೇಕಾದದ್ದು ಬಿಚ್ಚುವ ಅಗತ್ಯವಿಲ್ಲದ ಒಂದು ಸಂಗತಿ. ಏರ್ ಕ್ಲೀನರಿನ ಮುಚ್ಚಳ ತೆಗೆದು, ಎಂಜಿನ್ ಆಫ್ ಮಾಡಿ, ಒಬ್ಬರು ಒಳಗೆ ಕುಳಿತು ಎಕ್ಸಲರೇಟರನ್ನು ಪೂರ್ತಿ ಒತ್ತಲಿ. ಇನ್ನೊಬ್ಬರು ಕಾರ್ಬೊರೇಟರಿನ ಪಕ್ಕದಲ್ಲಿ ಗಾಳಿಯ ದಾರಿ ತೆರೆಯುವ ಥ್ರಾಟಲ್ ಲಿವರ್ ತನ್ನ ಕೊನೆಯ ತಡೆಗೆ ಹೋಗಿ ಮುಟ್ಟುತ್ತದೆಯೇ ಎಂದು ನೋಡಲಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ನನ್ನ ಕಾರು ಶಿರಾಡಿ ಘಾಟಿಯಲ್ಲಿ ಎರಡನೆಯ ಗೇರಿಗಿಂತ ಮೇಲೆ ಹೋಗದಂತಾದಾಗ ಒಂದು ಗ್ಯಾರೇಜಿನಲ್ಲಿ ಎರಡು ಸಲ ಕಾರ್ಬೊರೇಟರ್ ಬಿಚ್ಚಿ ಜೋಡಿಸಿದರು, ಕಿಡಿಗೆ ವಿದ್ಯುತ್ ಒದಗಿಸುವ ಕಾಯಿಲ್ ಬದಲಾಯಿಸಿದರು. ಕೊನೆಗೆ ಸಿಕ್ಕಿದ ಕಾರಣ, ಆ ತಿಂಗಳಷ್ಟೇ ಹಾಕಿಸಿದ್ದ ದಪ್ಪನೆಯ ನಾರಿನ ಮ್ಯಾಟು. ಪೆಡಲ್ ಅದಕ್ಕೆ ತಾಗಿ ನಿಲ್ಲುತ್ತಿತ್ತು, ಜೊತೆಗೆ ಕೇಬಲ್ಲೂ ಒಂದಿಷ್ಟು ಹಿಗ್ಗಿತ್ತು. ಎರಡೂ ಸೇರಿ ಥ್ರಾಟಲ್ ಮುಕ್ಕಾಲು ಪಾಲೂ ತೆರೆಯುತ್ತಿರಲಿಲ್ಲ. ಮ್ಯಾಟು ತೆಗೆದು ಕೇಬಲಿನ ನಟ್ಟನ್ನು ನಾಲ್ಕು ಸುತ್ತು ತಿರುಗಿಸಿದ ದಿನ ಘಾಟಿಯನ್ನು ಮೂರನೆಯ ಗೇರಿನಲ್ಲಿ ಹತ್ತಿದೆ.

ಮುಚ್ಚಳ ತೆಗೆದಿರುವಾಗಲೇ ಏರ್ ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿ. ಮಲೆನಾಡಿನಲ್ಲಿ ಇಲಿಗಳು ಫಿಲ್ಟರಿನ ಡಬ್ಬಿಯೊಳಗೆ ಅಡಿಕೆ ಸಿಪ್ಪೆ, ಬಟ್ಟೆಚೂರು ತುಂಬಿಸಿ ಗೂಡು ಕಟ್ಟಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ತಣ್ಣಗಿನ ಎಂಜಿನ್ ಚಾಲೂ ಮಾಡುವಾಗ ಗಾಳಿ ತಡೆಯುವ ಚೋಕಿನ ತಟ್ಟೆ ಪೂರ್ತಿ ನೆಟ್ಟಗೆ ನಿಲ್ಲುತ್ತದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.

ಇನ್ನು ಕಿಡಿಯ ವಿಚಾರ. ಹಳೆಯ ಕಾರುಗಳ ಕಾಯಿಲೆಗಳಲ್ಲಿ ದೊಡ್ಡ ಪಾಲು ಇಲ್ಲಿಯೇ ಸಿಗುವುದರಿಂದ ಸಮಯ ಕೊಟ್ಟು ನೋಡಬೇಕು. ಏರಿನಲ್ಲಿ ಓಡಿಸಿ, ಐಡ್ಲಿಂಗಿನಲ್ಲಿ ಬಿಡದೆ ಕೂಡಲೇ ಆಫ್ ಮಾಡಿ, ಎಂಜಿನ್ ಆರಿದ ಮೇಲೆ ಮೂರೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಸಿಲಿಂಡರಿನ ಕ್ರಮದಲ್ಲಿಯೇ ಹಾಳೆಯ ಮೇಲೆ ಜೋಡಿಸಿಡಿ. ತುದಿಯ ಬಿಳಿ ಪಿಂಗಾಣಿ ತಿಳಿ ಕಂದು ಬಣ್ಣಕ್ಕೆ ತಿರುಗಿದ್ದರೆ ದಹನ ಸರಿಯಿದೆ. ಒರೆಸಿದರೆ ಕೈಗೆ ಹತ್ತುವ ಒಣ ಮಸಿ ಪೆಟ್ರೋಲ್ ಹೆಚ್ಚಾಗಿದೆಯೆಂದು ಹೇಳಿದರೆ, ಜಿಡ್ಡಾದ ಕಪ್ಪು ಎಂಜಿನ್ ಆಯಿಲ್ ಒಳಗೆ ಬರುತ್ತಿದೆಯೆಂದು ಹೇಳುತ್ತದೆ. ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಅಥವಾ ಎಂಜಿನ್ ಮಿತಿಮೀರಿ ಕಾಯುತ್ತಿದೆ. ಮೂರೂ ಒಂದೇ ಬಗೆಯಲ್ಲಿ ಕೆಟ್ಟಿದ್ದರೆ ದೋಷ ಮೂರಕ್ಕೂ ಸಮಾನವಾದ ಕಡೆ, ಅಂದರೆ ಕಾರ್ಬೊರೇಟರ್, ಟೈಮಿಂಗ್ (ಕಿಡಿ ಹಾರುವ ಸಮಯ), ಫಿಲ್ಟರುಗಳಲ್ಲಿ ಇರುತ್ತದೆ. ಒಂದು ಮಾತ್ರ ಬೇರೆಯಾಗಿದ್ದರೆ ಆ ಸಿಲಿಂಡರಿನಲ್ಲೇ ಹುಡುಕಬೇಕು, ಕಾರ್ಬೊರೇಟರನ್ನು ಮುಟ್ಟುವುದರಿಂದ ಏನೂ ಪ್ರಯೋಜನವಿಲ್ಲ.

ಯಾವ ಸಿಲಿಂಡರ್ ದುಡಿಯುತ್ತಿಲ್ಲವೆಂದು ತಿಳಿಯಲು, ಎಂಜಿನ್ ನಿಲ್ಲಿಸಿ ಒಂದು ಪ್ಲಗ್ಗಿನ ವೈರು ತೆಗೆದು ಅದರ ತುದಿಯನ್ನು ಎಂಜಿನ್ನಿನ ಲೋಹಕ್ಕೆ ಭದ್ರವಾಗಿ ತಾಗಿಸಿಟ್ಟು ಕೆಲವೇ ಕ್ಷಣ ಚಾಲೂ ಮಾಡಿ ನೋಡಿ. ದುಡಿಯುವ ಸಿಲಿಂಡರಿನ ವೈರು ತೆಗೆದರೆ ಎಂಜಿನ್ ಥಟ್ಟನೆ ಕುಸಿದು ಅದುರುತ್ತದೆ. ಏನೂ ವ್ಯತ್ಯಾಸವಾಗದಿದ್ದರೆ ಅದೇ ಸತ್ತ ಸಿಲಿಂಡರ್. ಓಡುತ್ತಿರುವಾಗ ಬರಿಗೈಯಲ್ಲಿ ವೈರು ಎಳೆಯುವ ಧೈರ್ಯ ಬೇಡ. ಸೈಲೆನ್ಸರಿನಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಾದರೆ ಈ ಪರೀಕ್ಷೆಯನ್ನು ಲಂಬಿಸಬಾರದು, ಏಕೆಂದರೆ ಸುಡದ ಪೆಟ್ರೋಲ್ ಅದರೊಳಗೆ ಹೋಗಿ ಉರಿದು ಅದನ್ನು ಕೆಡಿಸುತ್ತದೆ.

ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು ಒಳಗೆ ಕೂದಲೆಳೆಯಂಥ ಕಪ್ಪು ಬಿರುಕಿನ ಗೆರೆಗಳಿವೆಯೇ ಎಂದು ನೋಡಿ. ತೇವದ ದಿನ ಕಿಡಿ ಆ ಗೆರೆ ಹಿಡಿದೇ ಸೋರುವುದು. ಕಾಯಿಲಿನ ವಿದ್ಯುತ್ತನ್ನು ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್ ಇರುವ ಕಾರಿನಲ್ಲಿ ಅದರ ಅಂತರ ಸಾಮಾನ್ಯವಾಗಿ 0.4ರಿಂದ 0.5 ಮಿ.ಮೀ. ಇರಬೇಕು. ಪಾಯಿಂಟ್ ಸವೆದು ಅಂತರ ಬದಲಾದಂತೆ ಇಗ್ನಿಷನ್ ಟೈಮಿಂಗೂ ಬದಲಾಗುತ್ತದೆಯಾದ್ದರಿಂದ ಮೊದಲು ಪಾಯಿಂಟ್, ಆಮೇಲೆ ಟೈಮಿಂಗ್ ಎಂಬ ಕ್ರಮ ತಪ್ಪಬಾರದು. ಟೈಮಿಂಗ್ ಹಿಂದುಳಿದ, ಅಂದರೆ ಕಿಡಿ ತಡವಾಗಿ ಹಾರುವ ಎಂಜಿನ್ನಿಗೆ ಒಂದು ಮೈಗಳ್ಳ ಲಕ್ಷಣವಿರುತ್ತದೆ: ಸುಲಭವಾಗಿ ಚಾಲೂ ಆಗುತ್ತದೆ, ಐಡ್ಲಿಂಗ್ ನಯವಾಗಿರುತ್ತದೆ, ಆದರೆ ಏರಿನಲ್ಲಿ ಸೋಲುತ್ತದೆ ಮತ್ತು ಬೇಗ ಕಾಯುತ್ತದೆ. ಕಿಡಿ ಹಾರಿದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟ್ ಹಿಡಿದು ಗುರುತು ನೋಡುವುದೇ ಸರಿಯಾದ ದಾರಿ. ಅದರ ಜೊತೆಗೆ ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿದ್ದು ಎಂಜಿನ್ ಹೀರುವ ಬಲದಿಂದ ಟೈಮಿಂಗ್ ಸರಿಸುವ ವ್ಯಾಕ್ಯೂಮ್ ಡಬ್ಬಿಯನ್ನು ಪರೀಕ್ಷಿಸಿ: ಕಾರ್ಬೊರೇಟರಿನ ಕಡೆಯಿಂದ ರಬ್ಬರ್ ಪೈಪು ಕಿತ್ತು, ತುದಿ ಒರೆಸಿ, ಬಾಯಿಯಿಂದ ಗಾಳಿ ಹೀರಿ ನಾಲಿಗೆಯಿಂದ ತುದಿ ಮುಚ್ಚಿ ಹಿಡಿಯಿರಿ. ಡಬ್ಬಿಯೊಳಗಿನ ಪೊರೆ, ಅಂದರೆ ಡಯಾಫ್ರಂ, ಗಟ್ಟಿಯಿದ್ದರೆ ಪೈಪು ನಾಲಿಗೆಗೆ ಅಂಟಿಕೊಂಡೇ ಇರುತ್ತದೆ, ಒಳಗಿನ ತಟ್ಟೆ ಸರಿದು ಅಲ್ಲೇ ನಿಲ್ಲುತ್ತದೆ. ಹರಿದಿದ್ದರೆ ಎಷ್ಟು ಹೀರಿದರೂ ಗಾಳಿಯೇ ಬರುತ್ತದೆ.

ಪೆಟ್ರೋಲ್ ಸಾಲದಿರುವ ಕಾರಿನ ನಡವಳಿಕೆ ಬೇರೆ. ಊರೊಳಗೆ ಸರಿಯಾಗಿಯೇ ಇರುತ್ತದೆ, ಹೆದ್ದಾರಿಯಲ್ಲಿ ಅಥವಾ ಉದ್ದದ ಏರಿನಲ್ಲಿ ಒಂದೆರಡು ನಿಮಿಷ ಎಳೆದು ಆಮೇಲೆ ಬಿಕ್ಕುತ್ತದೆ, ಕಾಲು ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಚೇತರಿಸಿಕೊಳ್ಳುತ್ತದೆ; ಏಕೆಂದರೆ ಕಾರ್ಬೊರೇಟರಿನ ಫ್ಲೋಟ್ ಬಟ್ಟಲು ಖಾಲಿಯಾಗುವಷ್ಟು ವೇಗದಲ್ಲಿ ತುಂಬುತ್ತಿಲ್ಲ. ಬಿಕ್ಕುತ್ತಿರುವಾಗ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆರೆಯಿರಿ. ಬಲವಾಗಿ ಉಸ್ಸೆಂದು ಗಾಳಿ ಒಳಕ್ಕೆ ಎಳೆದು ಗಾಡಿ ಸರಿಯಾದರೆ ಗಾಳಿಯಾಡುವ ದಾರಿ ಕಟ್ಟಿಕೊಂಡಿದೆ. ಇಲ್ಲವಾದರೆ ಪೆಟ್ರೋಲ್ ಫಿಲ್ಟರ್ ಬದಲಾಯಿಸಿ, ಹಳೆಯದನ್ನು ಬಿಳಿ ಬಟ್ಟೆಯ ಮೇಲೆ ಹಿಮ್ಮುಖವಾಗಿ ಸುರಿದು ನೋಡಿ; ತುಕ್ಕಿನ ಕೆಂಪು ಪುಡಿ ಬಿದ್ದರೆ ಟ್ಯಾಂಕನ್ನೇ ತೊಳೆಸಬೇಕು. ಎಥನಾಲ್ ಹಳೆಯ ಟ್ಯಾಂಕಿನ ತಳದ ಕೊಳೆಯನ್ನು ಸಡಿಲಿಸುತ್ತದೆ, ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಮೆತ್ತಗಾಗಿಸುತ್ತದೆ. ಹೀಗಾಗಿ ಪಂಪಿನ ಡಯಾಫ್ರಮ್ಮನ್ನೂ ಪೈಪುಗಳನ್ನೂ ಈಗ ಮೊದಲಿಗಿಂತ ಬೇಗ ಬದಲಿಸಬೇಕಾಗುತ್ತದೆ. ಪೆಟ್ರೋಲ್ ಪೈಪು ಬಿಚ್ಚುವ ಕೆಲಸವನ್ನು ತಣ್ಣಗಿನ ಎಂಜಿನ್ನಿನಲ್ಲಿ, ಬ್ಯಾಟರಿಯ ವೈರು ತೆಗೆದು, ಬಯಲಿನಲ್ಲಿ ಮಾಡತಕ್ಕದ್ದು. ಇಷ್ಟೆಲ್ಲ ಸರಿಯಿದ್ದು, ಪ್ಲಗ್ಗುಗಳು ಮೂರೂ ಒಂದೇ ಬಣ್ಣದಲ್ಲಿ ದೂರು ಹೇಳುತ್ತಿದ್ದರೆ ಆಗ ಕಾರ್ಬೊರೇಟರ್ ಬಿಚ್ಚಿಸಿ.

ಸೈಲೆನ್ಸರನ್ನು ಯಾರೂ ಸಂಶಯಿಸುವುದಿಲ್ಲ. ಒಳಗಿನ ತಗಡು ತುಕ್ಕು ಹಿಡಿದು ಕಳಚಿ ದಾರಿಗೆ ಅಡ್ಡ ಬಿದ್ದರೆ ಎಂಜಿನ್ ಉಸಿರುಗಟ್ಟಿದಂತಾಗಿ ವೇಗ ಏರಿದಷ್ಟೂ ಸೋಲುತ್ತದೆ. ಎಂಜಿನ್ ಗಾಳಿ ಹೀರುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಇದ್ದರೆ ಇದು ಸುಲಭವಾಗಿ ತಿಳಿಯುತ್ತದೆ: ಒಳ್ಳೆಯ ಎಂಜಿನ್ ಐಡ್ಲಿಂಗಿನಲ್ಲಿ ಸಮುದ್ರಮಟ್ಟದಲ್ಲಿ 17ರಿಂದ 21 ಇಂಚು (ಪಾದರಸದ ಅಳತೆ) ತೋರಿಸುತ್ತದೆ, ಬೆಂಗಳೂರಿನ ಎತ್ತರದಲ್ಲಿ ಅದಕ್ಕಿಂತ ಸುಮಾರು 3 ಇಂಚು ಕಡಿಮೆ. ಎಂಜಿನ್ನನ್ನು ನಿಮಿಷಕ್ಕೆ 2500 ಸುತ್ತಿನಲ್ಲಿ ಹಿಡಿದಿಟ್ಟಾಗ ಮುಳ್ಳು ಒಂದೇ ಸಮನೆ ಕೆಳಗಿಳಿಯುತ್ತಾ ಹೋದರೆ ಹೊಗೆಯ ದಾರಿ ಕಟ್ಟಿದೆ.

ಕೊನೆಯದು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಒತ್ತಿದಾಗ ಉಂಟಾಗುವ ಒತ್ತಡ. ಎಂಜಿನ್ ಬಿಸಿ ಮಾಡಿ, ಕಾಯಿಲಿನ ಸಂಪರ್ಕ ತೆಗೆದು, ಮೂರೂ ಪ್ಲಗ್ ಬಿಚ್ಚಿ, ಎಕ್ಸಲರೇಟರ್ ಪೂರ್ತಿ ಒತ್ತಿಹಿಡಿದು, ಪ್ರತಿ ಸಿಲಿಂಡರಿಗೂ ಗೇಜ್ ಹಾಕಿ ಐದಾರು ಸುತ್ತು ಸೆಲ್ಫ್ ಹೊಡೆಯಬೇಕು. ಎಕ್ಸಲರೇಟರ್ ಒತ್ತದೆ ನೋಡಿದರೆ ಒಳ್ಳೆಯ ಎಂಜಿನ್ನೂ ಕೆಟ್ಟದ್ದೆಂದು ತೋರುತ್ತದೆ. ಇಂಥ ತಪ್ಪು ಅಳತೆಯನ್ನು ನಂಬಿ ರಿಂಗ್-ಪಿಸ್ಟನ್ ಹಾಕಿಸಿಕೊಂಡವರಿದ್ದಾರೆ. ಒಟ್ಟು ಅಂಕಿಗಿಂತಲೂ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಒಂದು ಮಾತ್ರ ಬಹಳ ಕಡಿಮೆಯಿದ್ದರೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೊಮ್ಮೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ಸವೆದಿರುವುದು ಪಿಸ್ಟನ್ನಿನ ರಿಂಗ್. ಏರದಿದ್ದರೆ ವಾಲ್ವ್ ಕೂರುತ್ತಿಲ್ಲ ಅಥವಾ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಅಡಿಯ ಗ್ಯಾಸ್ಕೆಟ್ ಹೋಗಿದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಬಿದ್ದಿದ್ದರೆ ಗ್ಯಾಸ್ಕೆಟ್ಟಿನ ಮೇಲೆಯೇ ಸಂಶಯ ಹೆಚ್ಚು. ಮೂರೂ ಒಂದೇ ಸಮನೆ ಕಡಿಮೆಯಿದ್ದು, ಹಿಂದೆ ನೀಲಿ ಹೊಗೆಯಿಲ್ಲದಿದ್ದರೆ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿರುವ ಸಾಧ್ಯತೆಯನ್ನು ನೋಡಬೇಕು.

ವಾಲ್ವಿನ ಮೇಲೆ ಸಂಶಯ ಬಂದೊಡನೆ ಹೆಡ್ ಇಳಿಸಲು ಒಪ್ಪಬೇಡಿ. ಮೊದಲು ಟ್ಯಾಪೆಟ್ ಅಂತರ (ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು) ಅಳೆಯಲು ಹೇಳಿ. ಎಲ್‌ಪಿಜಿಯಲ್ಲಿ ಬಹಳ ಓಡಿದ ಕಾರುಗಳಲ್ಲಿ ವಾಲ್ವ್ ಸೀಟು ಸವೆದು ಅಂತರ ಇಲ್ಲವೇ ಇಲ್ಲವೆಂಬಂತಾಗಿ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚದೆ ಉಳಿಯುತ್ತದೆ. ಅಂತರ ಸರಿಮಾಡಿದ ಮೇಲೆ ಎಂಜಿನ್ ಬಿಸಿ ಮಾಡಿ ಅದೇ ಸಿಲಿಂಡರನ್ನು ಪುನಃ ಅಳೆದು, ಅಂಕಿ ಮೇಲೆ ಬಾರದಿದ್ದರೆ ಮಾತ್ರ ಹೆಡ್ ಬಿಚ್ಚಿಸಿ. ಬಂದಿದ್ದರೆ ಮೊದಲ ದಿನದ ಏರಿಗೆ ಹೋಗಿ, ಮೂರನೆಯ ಗೇರಿನಲ್ಲಿ 30ರಿಂದ 50ಕ್ಕೆ ಈಗ ಎಷ್ಟು ಸೆಕೆಂಡೆಂದು ಹಳೆಯ ಅಂಕಿಯ ಪಕ್ಕದಲ್ಲಿ ಬರೆಯಿರಿ.