ನುಗ್ಗೆಸೊಪ್ಪಿನ ಪುಡಿ: ತಾರಸಿ ಬೇಡ, ಫ್ಯಾನ್ ಸಾಕು

ಹಪ್ಪಳ ಒಣಗಿಸಿದ ಹಾಗೆ ನುಗ್ಗೆಸೊಪ್ಪನ್ನೂ ತಾರಸಿ ಮೇಲೆ ಹರಡುವವರನ್ನು ನೋಡಿ ನೋಡಿ ಸಾಕಾಗಿದೆ. ಸಂಜೆಗೆ ಗರಿಗರಿ ಆಗುತ್ತದೆ, ನಿಜ. ಬಣ್ಣ ಮಾತ್ರ ಒಣಹುಲ್ಲಿನದು.

ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುತ್ತದೆ ಅಲ್ವಾ? ಅದೇ ಉತ್ಕರ್ಷಣ. ನಮ್ಮ ಜೀವಕೋಶಗಳಲ್ಲೂ ಉತ್ಕರ್ಷಣ ನಡೆಯುತ್ತಿರುತ್ತದೆ. ಅದು ಹದ ಮೀರಿದರೆ ಜೀವಕೋಶಗಳಿಗೇ ಏಟು, ಅದನ್ನೇ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುವುದು. ನುಗ್ಗೆಸೊಪ್ಪಿನ ಬೀಟಾ ಕ್ಯಾರೋಟಿನ್, ಕ್ವೆರ್ಸೆಟಿನ್‌ಗಳು ಆ ಏಟನ್ನು ತಮ್ಮ ಮೇಲೆ ಎಳೆದುಕೊಳ್ಳುವ ಆಂಟಿಆಕ್ಸಿಡೆಂಟ್‌ಗಳು. ಬೀಟಾ ಕ್ಯಾರೋಟಿನ್ ಅಂತೂ ಬಿಸಿಲಿಗೆ ಬೇಗ ಹಾಳಾಗುತ್ತದೆ. ಸಿ ವಿಟಮಿನ್ ಹೇಗೆ ಒಣಗಿಸಿದರೂ ಬಹಳಷ್ಟು ಹೋಗುತ್ತದೆ. ಅದಕ್ಕೆ ನೆಲ್ಲಿಕಾಯಿ ತಿನ್ನಿ.

ಎಲೆ ಬಿಡಿಸುವ ಮೊದಲೇ ಕಡ್ಡಿ ಸಮೇತ ತೊಳೆಯಿರಿ. ಆಮೇಲೆ ತೊಳೆದರೆ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ. ಚೆನ್ನಾಗಿ ಕೊಡವಿ, ಕಟ್ಟು ಕಟ್ಟಿ ತಲೆಕೆಳಗಾಗಿ ನೇತುಹಾಕಿ. ನೀರೆಲ್ಲ ಇಳಿದ ಮೇಲೆ ಎಲೆ ಬಿಡಿಸಿ. ಕೊಂಬೆಯನ್ನು ರಾತ್ರಿಯಿಡೀ ಬಟ್ಟೆಯಲ್ಲಿ ಸುತ್ತಿಟ್ಟರೆ ಎಲೆ ತಾನೇ ಉದುರುತ್ತದೆ ಅನ್ನುವ ಉಪಾಯ ಪಲ್ಯಕ್ಕೆ ಸರಿ. ಪುಡಿಗೆ ಬೇಡ, ಬೆಳಗಾಗುವಷ್ಟರಲ್ಲಿ ಅರ್ಧ ಹಳದಿಯಾಗಿರುತ್ತದೆ.

ಈಗ ಒಣಗಿಸುವ ಕೆಲಸ. ಬಿಸಿಲು ಬೀಳದ ಕೋಣೆಯಲ್ಲಿ ಹಳೆಯ ಹತ್ತಿ ಪಂಚೆ ಹಾಸಿ. ನ್ಯೂಸ್ ಪೇಪರ್ ಬೇಡ, ಶಾಯಿ ಅಂಟುತ್ತದೆ. ಎಲೆಯ ಮೇಲೆ ಎಲೆ ಬೀಳದಂತೆ ತೆಳ್ಳಗೆ ಹರಡಿ. ಫ್ಯಾನ್ ಸಣ್ಣಗೆ ತಿರುಗುತ್ತಿರಲಿ. ದಿನಕ್ಕೆ ಎರಡು ಸಲ ಕೈಯಾಡಿಸಿ. ಒಣ ಹವೆಯಲ್ಲಿ ಮೂರ್ನಾಲ್ಕು ದಿನ ಹಿಡಿಯುತ್ತದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಲೇಬೇಡಿ. ಎಲ್ಲರೂ ಎಡವುವುದು ಎರಡನೇ ದಿನ. ಎಲೆ ಒಣಗಿದಂತೆ ಕಾಣುತ್ತದೆ, ಸಣ್ಣ ತೊಟ್ಟುಗಳಲ್ಲಿ ಪಸೆ ಇನ್ನೂ ಇರುತ್ತದೆ. ಹಾಗೇ ಡಬ್ಬಿಗೆ ತುಂಬಿದರೆ ಬೂಷ್ಟು ಗ್ಯಾರಂಟಿ. ತೊಟ್ಟನ್ನು ಬಗ್ಗಿಸಿ ನೋಡಿ. ಬಾಗಿದರೆ ಇನ್ನೊಂದು ದಿನ ಬಿಡಿ, ಪಟ್ಟೆಂದು ಮುರಿದರೆ ಆಯಿತು. ಮೈಕ್ರೊವೇವ್‌ನಲ್ಲೂ ಮಾಡಬಹುದು ಅನ್ನುತ್ತಾರೆ. ನಾನು ಒಮ್ಮೆ ಮಾಡಿದೆ, ಅರ್ಧ ಸುಟ್ಟಿತು, ಅರ್ಧ ಹಸಿ.

ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಜರಡಿ ಹಿಡಿಯಿರಿ. ಹಸಿ ಎಲೆಯಲ್ಲಿ ಮುಕ್ಕಾಲು ಭಾಗ ನೀರೇ, ಹಾಗಾಗಿ 1 ಕೆಜಿ ಎಲೆಗೆ ಕಾಲು ಕೆಜಿಗಿಂತ ಜಾಸ್ತಿ ಪುಡಿ ಸಿಗುವುದಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಗಟ್ಟಿಯಾಗಿ ಮುಚ್ಚಿಡಿ. ಅಂಗಡಿಯಲ್ಲಿ ಪಾರದರ್ಶಕ ಪ್ಯಾಕೆಟ್‌ನಲ್ಲಿ ಬೆಳಕಿಗೆ ತೂಗುಹಾಕಿದ್ದನ್ನು ನಾನಂತೂ ಕೊಳ್ಳುವುದಿಲ್ಲ. ಪ್ಯಾಕೆಟ್ ಮೇಲೆ ‘ಸಕ್ಕರೆ ಕಾಯಿಲೆ ಮಾಯ’ ಎಂದಿದ್ದರೆ ಮುಟ್ಟುವುದೂ ಇಲ್ಲ.

ದಿನಕ್ಕೆ ಒಂದು ಟೀ ಚಮಚ ಸಾಕು. ಸಾರು ಇಳಿಸಿದ ಮೇಲೆ ಹಾಕಿ, ಇಲ್ಲವೇ ಮಜ್ಜಿಗೆಗೆ ಕದಡಿ. ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತಿನ್ನುವವರು ಮೊದಲು ಡಾಕ್ಟರನ್ನು ಕೇಳಿ. ಈ ಸೊಪ್ಪಿನಲ್ಲಿ ಕೆ ವಿಟಮಿನ್ ಜಾಸ್ತಿ, ಅದು ಆ ಮಾತ್ರೆಗೆ ಅಡ್ಡ ಬರುತ್ತದೆ.