ಪುಚ್ಚಿನಿ ಹಿಡಿದು ಒಪೆರಾ ಕೇಳಲು ಕಲಿತದ್ದು: ನನ್ನ ಅನುಭವ

ಒಪೆರಾ (ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕ) ಅಂದಕೂಡಲೇ ಬಹಳ ಜನರ ಕೈಗೆ ಮೊದಲು ಸಿಗುವುದು ಇಟಲಿಯ ಗಾಯಕ ಪವರೊಟ್ಟಿ ಹಾಡಿದ ‘ನೆಸ್ಸುನ್ ದೋರ್ಮಾ’. 1990ರ ಫುಟ್‌ಬಾಲ್ ವಿಶ್ವಕಪ್‌ನಿಂದ ಅದು ಜಗತ್ತಿಗೆಲ್ಲ ಗೊತ್ತು. ಆದರೆ ಅದು ಬರುವ ಒಪೆರಾ, ಇಟಲಿಯ ಸಂಗೀತಕಾರ ಪುಚ್ಚಿನಿಯ ‘ತುರಾಂದೋತ್’ನಲ್ಲಿ, ಆ ಹಾಡಿಗೆ ಬಿಡಿಯಾಗಿ ಕೇಳುವಾಗ ಇರುವಂಥ ಮುಕ್ತಾಯವೇ ಇಲ್ಲ. ಹಾಡಿನ ಬೆನ್ನಿಗೇ ವಾದ್ಯವೃಂದ ಮುಂದಿನ ದೃಶ್ಯಕ್ಕೆ ಸಾಗಿಬಿಡುತ್ತದೆ. ಕಂಪನಿ ನಾಟಕದಲ್ಲಿ ಮಾತು ನಿಂತು ಹಾಡು ಶುರುವಾಗುವುದು ನಮಗೆ ರೂಢಿ. ಪುಚ್ಚಿನಿಯಲ್ಲಿ ಆ ಗಡಿ ಇಲ್ಲ. ಅದಕ್ಕೇ ಬಿಡಿ ತುಣುಕು ಬಿಟ್ಟು, ಒಂದು ಸಲಕ್ಕೆ ಒಂದು ಅಂಕ ಪೂರ್ತಿ ಕೇಳುವುದನ್ನು ಪಾಠ ಮಾಡಿಕೊಂಡೆ.

ಶುರುವಿಗೆ ‘ಲಾ ಬೊಹೆಮ್’ ಸರಿ. 1896ರಲ್ಲಿ ಇಟಲಿಯ ತೂರಿನ್‌ನಲ್ಲಿ ಮೊದಲು ಆಡಿದ್ದು. ನಾಲ್ಕು ಅಂಕ, ಎರಡು ತಾಸಿನೊಳಗೆ ಮುಗಿಯುತ್ತದೆ. ಬಾಡಿಗೆ ಕಟ್ಟಲಾಗದ ಹುಡುಗರು, ಕ್ಷಯ ಹಿಡಿದ ಹೊಲಿಗೆಯ ಹುಡುಗಿ ಮಿಮಿ: ಕತೆಗೆ ಪೀಠಿಕೆ ಬೇಡ. ಕರಾಯನ್ ವಾದ್ಯವೃಂದ ನಡೆಸಿದ, ಫ್ರೇನಿ ಮತ್ತು ಪವರೊಟ್ಟಿ ಹಾಡಿದ 1972ರ ಧ್ವನಿಮುದ್ರಣವನ್ನೇ ನಾನು ಹೇಳುವುದು. ಅದರಲ್ಲಿ ವಾದ್ಯಗಳು ಒಂದೊಂದೂ ಬಿಡಿಸಿ ಕೇಳುತ್ತವೆ.

ಕಲಬುರಗಿಯಲ್ಲಿ ಕೂತು ಕೇಳುವವರಿಗೆ ದೊಡ್ಡ ತೊಡಕು ಕೂಲರ್ ಸದ್ದು. ಪಿಸುಮಾತಿನಷ್ಟು ಸಣ್ಣ ದನಿ ಅದರಲ್ಲಿ ಮುಳುಗುತ್ತದೆ. ಕೇಳಿಸಲೆಂದು ವಾಲ್ಯೂಮ್ ಏರಿಸಿದರೆ ಮರುಗಳಿಗೆ ಹಿತ್ತಾಳೆ ವಾದ್ಯಗಳು ಕಿವಿಗೆ ಬಡಿಯುತ್ತವೆ. ಆದ್ದರಿಂದ ಕೂಲರ್ ಹಚ್ಚುವ ಮೊದಲು, ಬೆಳಗಿನ ಜಾವ ಕೂಡಬೇಕು. ಎರಡನೇ ಅಂಕ ತುತ್ತೂರಿಯಿಂದಲೇ ಏಳುತ್ತದೆ. ಅದನ್ನು ಹತ್ತು ಸೆಕೆಂಡ್ ಹಾಕಿ ವಾಲ್ಯೂಮ್ ಗೊತ್ತುಮಾಡಿ, ಆಮೇಲೆ ಮೊದಲನೆಯದಕ್ಕೆ ಬರುತ್ತೇನೆ. ಫೋನಿನ ಸ್ಪೀಕರ್‌ನಲ್ಲಿ ಮಂದ್ರದ ತಂತಿವಾದ್ಯ ಕೇಳುವುದೇ ಇಲ್ಲ, ಇಯರ್‌ಫೋನ್ ಬೇಕೇ ಬೇಕು. ಒಂದು ಅಂಕವನ್ನು ಹಲವು ಟ್ರ್ಯಾಕ್ ಮಾಡಿರುತ್ತಾರೆ: ಶಫಲ್ (ಟ್ರ್ಯಾಕ್‌ಗಳನ್ನು ಹಿಂದುಮುಂದು ಮಾಡುವುದು) ಮತ್ತು ಕ್ರಾಸ್‌ಫೇಡ್ (ಒಂದರ ಕೊನೆಯನ್ನು ಇನ್ನೊಂದರ ಶುರುವಿಗೆ ಬೆರೆಸುವುದು) ಎರಡನ್ನೂ ಆಫ್ ಮಾಡಿ. 128 ಕೆಬಿಪಿಎಸ್‌ನಲ್ಲಿ ನಿಮಿಷಕ್ಕೆ ಸುಮಾರು ಒಂದು ಎಂಬಿ ಆಗುತ್ತದೆ. ಮೊದಲೇ ಇಳಿಸಿಕೊಂಡರೆ ನೆಟ್ ಹೋದರೂ ರಸಭಂಗವಿಲ್ಲ.

ಹಿಂದೂಸ್ತಾನಿ ಕೇಳಿ ಬೆಳೆದ ಕಿವಿ ಮೊದಲು ಷಡ್ಜ ಹುಡುಕುತ್ತದೆ. ಇಲ್ಲಿ ತಂಬೂರಿ ಇಲ್ಲ, ಷಡ್ಜವೇ ಜಾಗ ಬದಲಿಸುತ್ತಾ ಹೋಗುತ್ತದೆ. ಅದರ ಹಿಂದೆ ಓಡಿದರೆ ದಣಿವೇ ಗತಿ. ಬದಲಿಗೆ ಧಾಟಿಯನ್ನು ಹಿಡಿಯಿರಿ, ಅದು ತಿರುಗಿ ಬಂದೇ ಬರುತ್ತದೆ.

ಪ್ರತಿ ಅಂಕದ ಕತೆಯನ್ನು ಅರ್ಧ ಪುಟ ಕನ್ನಡದಲ್ಲಿ ಬರೆದುಕೊಂಡು ಒಮ್ಮೆ ಕೇಳುವುದು; ಇಟಾಲಿಯನ್ ಪಠ್ಯ ಮತ್ತು ಇಂಗ್ಲಿಷ್ ಅನುವಾದ ಅಕ್ಕಪಕ್ಕ ಇಟ್ಟುಕೊಂಡು ಇನ್ನೊಮ್ಮೆ; ಕೊನೆಗೆ ಏನೂ ಇಲ್ಲದೆ. ಮುಖ್ಯ ಸಾಲುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಇಟಾಲಿಯನ್ ಪದಗಳು ಬಹುತೇಕ ಸ್ವರದಲ್ಲೇ ಮುಗಿಯುತ್ತವೆ, ಒತ್ತಕ್ಷರವೂ ನಮ್ಮ ಹಾಗೇ, ಬಾಯಿಗೆ ಬೇಗ ಕೂಡುತ್ತವೆ.

ಮೊದಲ ಅಂಕದಲ್ಲಿ ದೀಪ ಆರಿದೆ. ಮಿಮಿಯ ಬೀಗದಕೈ ಬಿದ್ದಿದೆ. ಆ ಹುಡುಗರಲ್ಲೊಬ್ಬನಾದ ರೊಡೋಲ್ಫೊಗೆ ಅದು ಸಿಕ್ಕಿದೆ, ಜೇಬಿಗೆ ಹಾಕಿಕೊಂಡು ಇನ್ನೂ ಹುಡುಕುವ ನಟನೆ ಮಾಡುತ್ತಾನೆ. ಕತ್ತಲಲ್ಲಿ ಅವಳ ತಣ್ಣನೆಯ ಕೈ ತಾಗುತ್ತದೆ. ಆಗ ಅವನು ಹಾಡುವ ‘ಕೆ ಜೆಲಿದಾ ಮನೀನಾ’ (ಎಂಥ ತಣ್ಣನೆಯ ಪುಟ್ಟ ಕೈ), ಹೆಚ್ಚುಕಡಿಮೆ ಒಂದೇ ಸ್ವರದ ಮೇಲೆ ನಿಂತು ಶುರುವಾಗುತ್ತದೆ, ಮೆಲ್ಲಗೆ ತಾರಕ್ಕೆ ಏರುತ್ತದೆ. ನಾಲ್ಕನೇ ಅಂಕದಲ್ಲಿ ಸಾಯುತ್ತಿರುವ ಮಿಮಿ, ಬೀಗದಕೈ ನಿನಗೆ ಬಲು ಬೇಗ ಸಿಕ್ಕಿತ್ತಲ್ಲ ಅನ್ನುತ್ತಾಳೆ, ಅದೇ ಸಾಲನ್ನು ತಾನೇ ಹಾಡುತ್ತಾಳೆ. ಮೊದಲ ಅಂಕ ಬಿಟ್ಟು ಬಂದವರಿಗೆ ಇದು ಬರೀ ಇಂಪು. ಕೇಳಿ ಬಂದವರಿಗೆ ಗಂಟಲು ಕಟ್ಟುತ್ತದೆ. ಅವಳ ಸಾವಿಗೆ ಹಾಡೂ ಇಲ್ಲ. ಗೆಳೆಯ ಶೋನಾರ್ ಮೊದಲು ಗಮನಿಸುತ್ತಾನೆ, ರೊಡೋಲ್ಫೊಗೆ ಎಲ್ಲರಿಗಿಂತ ಕೊನೆಗೆ ತಿಳಿಯುತ್ತದೆ.

ಎರಡನೇ ಅಂಕದ ಹೋಟೆಲ್ ಗದ್ದಲದಲ್ಲಿ ಎಲ್ಲರೂ ಏಕಕಾಲಕ್ಕೆ ಹಾಡುತ್ತಾರೆ. ಬರೀ ಕೇಳಿದರೆ ಕಲಸುಮೇಲೋಗರ, ವಿಡಿಯೊ ನೋಡಿ. ಮೂರನೆಯದರ ಕೊನೆಯಲ್ಲೂ ಹಾಗೇ: ಒಂದು ಜೋಡಿ ಪ್ರೀತಿಯಿಂದ ಬೀಳ್ಕೊಡುತ್ತಿರುವಾಗ ಇನ್ನೊಂದು ಜೋಡಿ ಬೈದಾಡುತ್ತಿರುತ್ತದೆ.

ಆಮೇಲೆ ಪುಚ್ಚಿನಿಯದೇ ‘ಟೋಸ್ಕಾ’. ತೆರೆ ಏಳುವಾಗಲೇ ಸಿಡಿಯುವ ಮೂರು ಸ್ವರಗುಚ್ಛಗಳು ಖಳನಾಯಕ ಸ್ಕಾರ್ಪಿಯಾನವು, ಅವನಿನ್ನೂ ರಂಗಕ್ಕೆ ಬಂದಿರುವುದಿಲ್ಲ. ಅವು ಮರಳಿದಾಗಲೆಲ್ಲ ಪಠ್ಯದ ಅಂಚಿಗೆ ಪೆನ್ಸಿಲ್‌ನಿಂದ ಗುರುತು ಹಾಕಿ. ಅಷ್ಟು ಪುರಸೊತ್ತಿಲ್ಲದವರಿಗೆ ತಾಸಿನೊಳಗೆ ಮುಗಿಯುವ ನಗೆನಾಟಕ ‘ಜಾನ್ನಿ ಸ್ಕಿಕ್ಕಿ’ ಇದೆ.